ಹಗ್ಗ ಕೈ ಬದಲಾಗುವ ಮುನ್ನ

ದಕ್ಷಿಣದ ಕಥೆಗಳಲ್ಲಿ ಎಲ್ಲರಿಗಿಂತ ಪ್ರಸಿದ್ಧನಾದ ಕುದುರೆ ವ್ಯಾಪಾರಿ ಸಾಕ್ಷಾತ್ ಶಿವ. ಕುದುರೆ ಕೊಂಡು ತಾ ಎಂದು ಪಾಂಡ್ಯರಾಜ ಕೊಟ್ಟ ಹಣವನ್ನು ಮಂತ್ರಿ ಮಾಣಿಕ್ಯವಾಚಕರು ಗುಡಿಗೆ ಸುರಿದುಬಿಟ್ಟರು. ಭಕ್ತನ ತಲೆ ಉಳಿಸಲು ಶಿವ ಕಾಡಿನ ನರಿಗಳನ್ನೇ ಕುದುರೆ ಮಾಡಿ, ವ್ಯಾಪಾರಿಯ ವೇಷದಲ್ಲಿ ಮಧುರೆಗೆ ಹೊಡೆದುಕೊಂಡು ಬಂದ. ಬಲ್ಲವರು ನೋಡಿ ತಲೆದೂಗಿದರು, ರಾಜ ಹಿಗ್ಗಿದ, ಹಗ್ಗ ಕೈ ಬದಲಾಯಿತು. ರಾತ್ರಿ ಲಾಯದಲ್ಲಿ ಅವೆಲ್ಲ ಮತ್ತೆ ನರಿಗಳಾಗಿ ಊಳಿಡುತ್ತ ಓಡಿದವು. ಭಕ್ತರಿಗೆ ಇದು ಲೀಲೆ. ಜಾನುವಾರು ಜಾತ್ರೆಯಲ್ಲಿ ಒಮ್ಮೆಯಾದರೂ ವ್ಯಾಪಾರ ಕುದುರಿಸಿದವರು ಮಾತ್ರ ಪಾಂಡ್ಯನ ಕಡೆಗೇ ವಾಲುತ್ತಾರೆ.

ಅಥಣಿ ಕಡೆಯ ಪರಿಚಯದ ಹುಡುಗನೊಬ್ಬ ಈಗ ಪಾಂಡ್ಯನ ಜಾಗದಲ್ಲಿ ನಿಂತಿದ್ದಾನೆ. ಗಡಿಯಾಚೆಯ ವ್ಯಾಪಾರಿಯೊಬ್ಬನ ಬಳಿ ಎರಡು ವರ್ಷದ ಹೆಣ್ಣು ಮರಿ ನೋಡಿ ಬಂದು, "ಪಂಚಕಲ್ಯಾಣಿ ಐತ್ರಿ ಕಾಕಾ. ನಾಕೂ ಕಾಲು ಬೆಳ್ಳಗ, ಹಣಿಮ್ಯಾಲ ಬಿಳಿ ಪಟ್ಟಿ. ನಾಳೆ ಇನ್ನೊಬ್ರು ಬರಾವ್ರದಾರಂತ. ತಗೊಳ್ಳೋದೋ ಬ್ಯಾಡೋ?" ಎಂದು ಫೋನಿನಲ್ಲಿ ಕೇಳಿದ. ಆ "ಇನ್ನೊಬ್ರು" ಎಲ್ಲ ಸಂತೆಯಲ್ಲೂ ಇರುತ್ತಾರೆ. ಯಾವಾಗಲೂ ನಾಳೆಯೇ ಬರುತ್ತಾರೆ.

ವಯಸ್ಸಾದ ಕುದುರೆಯ ವ್ಯಾಪಾರದಲ್ಲಿ ಮೋಸವೆಂದರೆ ಮುಚ್ಚಿಡುವುದು. ಕುಂಟು ಕಾಣದಿರಲಿ ಎಂದು ನೋವಿನ ಇಂಜೆಕ್ಷನ್ನು, ಪುಂಡಾಟ ತೋರದಿರಲಿ ಎಂದು ಮಂಪರಿನ ಔಷಧ, ಸವೆದ ಹಲ್ಲಿನಲ್ಲಿ ಕುಳಿ ಕೊರೆದು ಕಪ್ಪು ಮಾಡಿ ವಯಸ್ಸು ಇಳಿಸುವುದು, ಎಲ್ಲವೂ ಹಳೆಯ ವಿದ್ಯೆ. ಮಾರುವವನಿಗೆ ಗೊತ್ತಿರುತ್ತದೆ, ಕೊಳ್ಳುವವನಿಗೆ ಇರುವುದಿಲ್ಲ. ಮರಿಯ ವಿಷಯ ಹಾಗಲ್ಲ. ಇನ್ನು ಮೂರು ವರ್ಷಕ್ಕೆ ಅದು ಏನಾದೀತು ಎಂಬುದು ಮಾರುವವನಿಗೂ ಗೊತ್ತಿಲ್ಲ. ಹಾಗಾಗಿ ಅವನು ಮುಚ್ಚಿಡುವುದು ಕಡಿಮೆ, ಜ್ಯೋತಿಷ್ಯ ಹೇಳುವುದು ಹೆಚ್ಚು. ಇದರ ತಾಯಿ ಹೀಗೆ ಓಡುತ್ತಿತ್ತು, ತಂದೆ ಇಂಥ ಸಾವುಕಾರರ ಮನೆಯದು, ಇದು ಗಾಡಿಗೆ ಹೂಡಿದರೆ ಗೆದ್ದೇ ಗೆಲ್ಲುತ್ತದೆ. ಅದರಲ್ಲಿ ಸುಳ್ಳು ಯಾವುದು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಬೆಲೆಯ ದೊಡ್ಡ ಪಾಲು ಈ ಮಾತಿಗೇ ಹೋಗುತ್ತದೆ.

ಕಣ್ಣಿಗೆ ಕಾಣುವುದನ್ನು ಮೊದಲು ನೋಡು ಎಂದೆ. ಎರಡು ವರ್ಷದ್ದಾದರೆ ಬಾಯಲ್ಲಿ ಮುಂದಿನವೆಲ್ಲ ಹಾಲುಹಲ್ಲೇ ಇರಬೇಕು. ನಡುವಿನ ಜೋಡಿ ಬದಲಾಗುವುದು ಸುಮಾರು ಎರಡೂವರೆಗೆ, ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಬಾಯಿಗೂಡುವುದು 5ನೇ ವರ್ಷಕ್ಕೆ. ವಿಚಿತ್ರವೆಂದರೆ, ಮುದಿ ಕುದುರೆಯ ವಯಸ್ಸನ್ನು ಇಳಿಸುವ ವ್ಯಾಪಾರಿಯ ಬಾಯಿಯೇ ಮರಿಯ ವಯಸ್ಸನ್ನು ಏರಿಸುತ್ತದೆ. ಒಂದೂವರೆ ವರ್ಷದ್ದು ಎರಡರದ್ದಾಗುತ್ತದೆ, ಎರಡರದ್ದು "ನಾಳೆಯೇ ಜೀನು ಹಾಕ್ರಿ" ಎನಿಸಿಕೊಳ್ಳುತ್ತದೆ. ಮುಂಗಾಲಿನ ಮಂಡಿಯ ಮೇಲಿನ ಎಲುಬಿನ ಬೆಳವಣಿಗೆ ಮುಗಿಯುವುದೇ ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ. ಬೆನ್ನೆಲುಬು ಪೂರ್ತಿ ಬಲಿಯಲು 5 ವರ್ಷ ದಾಟಬೇಕು. ಆ ಸೀಮೆಯ ಗಾಡಿ ಶರ್ಯತ್ತಿನ ಅವಸರ ಗೊತ್ತಿದ್ದವರಿಗೆ ನಾನೇನು ಹೇಳುತ್ತಿದ್ದೇನೆ ಎಂಬುದು ತಿಳಿಯುತ್ತದೆ. ಎಳೆಯದರಲ್ಲೇ ಹೂಡಿದ ಮರಿಯ ಕಾಲು ಕೆಟ್ಟರೆ ವ್ಯಾಪಾರಿಯನ್ನು ಬೈಯುವಂತಿಲ್ಲ.

ಸುಳಿಯ ವಿಷಯಕ್ಕೂ ಹುಡುಗ ಬಂದ. ಕೊರಳ ಕೆಳಗಿನ ಸುಳಿಗೆ ದೇವಮಣಿ ಎಂದು ಹೆಸರು. ಅದಿದ್ದರೆ ದರ ಏರುತ್ತದೆ. ಪಂಚಕಲ್ಯಾಣಿಗೂ ಅಷ್ಟೇ. ಶಾಸ್ತ್ರವನ್ನು ಹಳಿಯುವ ಉಮೇದು ನನಗಿಲ್ಲ. ಆದರೆ ಕೂದಲು ಯಾವ ಕಡೆಗೆ ತಿರುಗಿದೆ ಎಂಬುದಕ್ಕೆ ಹಣ ಎಣಿಸುವ ಬದಲು, ಯಾರೋ ಕೆಟ್ಟ ಸುಳಿ ಎಂದು ಬಿಟ್ಟುಹೋದ, ಕಾಲು ನೆಟ್ಟಗಿರುವ ಮರಿಯನ್ನು ಅಗ್ಗಕ್ಕೆ ತರುವವನೇ ಜಾಣ. ಕಾಲು ನೆಟ್ಟಗಿದೆಯೇ ಎಂದು ತಿಳಿಯಲು ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಸಣ್ಣಗೆ ಓಡಿಸಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟಿದಾಗಲೆಲ್ಲ ತಲೆ ಮೇಲಕ್ಕೆ ಹೋಗುತ್ತದೆ. ಹಗ್ಗವನ್ನು ಗಲ್ಲದ ಬುಡದಲ್ಲೇ ಬಿಗಿಹಿಡಿದು ಓಡಿಸಿದರೆ ಅದು ಕಾಣುವುದಿಲ್ಲ.

ಗ್ಲ್ಯಾಂಡರ್ಸ್ ಎಂಬ ರೋಗವೊಂದಿದೆ. ಕುದುರೆಯಿಂದ ಮನುಷ್ಯನಿಗೂ ಬರುತ್ತದೆ, ಕುದುರೆಗೆ ಮದ್ದಿಲ್ಲ, ದೃಢಪಟ್ಟರೆ ಪ್ರಾಣಿಯನ್ನು ಕೊಲ್ಲುವುದೇ ನಿಯಮ. 1899ರಷ್ಟು ಹಿಂದೆಯೇ ಇದಕ್ಕೊಂದು ಕಾಯ್ದೆ ಬಂತು. ರಕ್ತಪರೀಕ್ಷೆಯ ವರದಿ ಇಲ್ಲದೆ ಮರಿಯನ್ನು ಗಾಡಿ ಹತ್ತಿಸಬಾರದು. ಪರೀಕ್ಷೆ ಮಾಡಿಸುವ ಪಶುವೈದ್ಯರು ಕೊಳ್ಳುವವನ ಕಡೆಯವರಾಗಿರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. 13ನೇ ಶತಮಾನದಲ್ಲಿ ಪಾಂಡ್ಯರ ನಾಡಿಗೆ ಬಂದಿದ್ದ ಮಾರ್ಕೊ ಪೋಲೊ, ಇಲ್ಲಿನ ಅರಸ ವರ್ಷಕ್ಕೆ 2000ಕ್ಕೂ ಹೆಚ್ಚು ಕುದುರೆ ಕೊಂಡರೂ ವರ್ಷದ ಕೊನೆಗೆ 100 ಕೂಡ ಉಳಿಯುತ್ತಿರಲಿಲ್ಲ ಎಂದು ಬರೆದಿದ್ದಾನೆ. ಆರೈಕೆ ಬಲ್ಲವರಿರಲಿಲ್ಲ, ಬಲ್ಲವರು ಈ ಕಡೆ ಬರದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಸತ್ತರೆ ತಾನೆ ಮತ್ತೆ ಕೊಳ್ಳುವುದು?

ವಿಜಯನಗರದ ಸಾಳುವ ನರಸಿಂಹ ಇನ್ನೂ ಧಾರಾಳಿ. ಸಾವಿರ ಪರ್ದಾವೊ ನಾಣ್ಯಕ್ಕೆ ಮೂರರಂತೆ ಕೊಳ್ಳುತ್ತಿದ್ದ, ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದ ಎನ್ನುತ್ತಾನೆ ಪೋರ್ಚುಗೀಸ್ ಬರಹಗಾರ ನ್ಯೂನಿಜ್. ಆತನೂ ಕುದುರೆ ವ್ಯಾಪಾರಿಯೇ. ಆ ಅರಸನನ್ನು ಹೊಗಳದೆ ಇನ್ನೇನು ಮಾಡಿಯಾನು! ಸಾಮ್ರಾಜ್ಯಕ್ಕೆ ಅದು ನಡೆಯುತ್ತದೆ. ಸೊಸೈಟಿಯಲ್ಲಿ ಸಾಲ ಎತ್ತಿ ಮರಿ ತರುವವನಿಗೆ ಕೊಂಡ ಬೆಲೆಗಿಂತ ಭಾರವಾಗುವುದು ಆಮೇಲಿನ ಮೇವು, ಕಡಲೆ, ಲಾಳ, ಔಷಧ, ಜೊತೆಗೆ ಪಳಗಿಸುವವನ ಕೂಲಿ. ಮೂರು ವರ್ಷ ಅದು ದುಡಿಯದೆ ತಿನ್ನುತ್ತದೆ. ಅದನ್ನು ದಿನಾ ಕೈಯಲ್ಲಿ ಹಿಡಿದು ನಡೆಸುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಪ್ಪ ಅದಾನ್ರಿ, ಮೊದಲ ಟಾಂಗಾ ಹೊಡೀತಿದ್ದ" ಎಂದ. ಅಲ್ಲಿಯವರೆಗೆ ಬೇಡ ಎನ್ನಬೇಕೆಂದಿದ್ದವನು ನಾನು. ಅದನ್ನು ಕೇಳಿ ತುಸು ಮೆತ್ತಗಾದೆ.

ಹಾಗಾದರೆ ಅಪ್ಪನನ್ನು ಕರೆದುಕೊಂಡು, ಹೇಳದೆ ಕೇಳದೆ, ಬೆಳಿಗ್ಗೆ ಬೇಗ ಮತ್ತೊಮ್ಮೆ ಹೋಗು ಎಂದೆ. ವ್ಯಾಪಾರಿ ಮೈಯುಜ್ಜಿ ಹೊರಗೆ ತಂದು ನಿಲ್ಲಿಸುವ ಮೊದಲು, ಕಟ್ಟಿದಲ್ಲೇ ಮರಿ ಹೇಗೆ ನಿಂತಿದೆ, ಮೇವು ತಿಂದಿದೆಯೋ ಇಲ್ಲವೋ, ಅಪ್ಪ ಗೊರಸು ಎತ್ತಲು ಹೋದರೆ ಕಾಲು ಕೊಡುತ್ತದೆಯೋ ನೋಡಿಕೊಂಡು ಬರಲಿ. ಅಷ್ಟರಲ್ಲಿ ಆ ಇನ್ನೊಬ್ಬರು ಬಂದು ಒಯ್ದಿದ್ದರೆ ಬಸ್ ಚಾರ್ಜು ಹೋಯಿತೆಂದುಕೊಂಡರಾಯಿತು.