ಮದ್ದು ಹೊಯ್ಯುವ ಮುನ್ನ ಕಿವಿಗೊಡೋಣ

ಮಳೆಗಾಲಕ್ಕೆ ಮೊದಲು ಮನೆಯ ಹಂಚು ಸರಿಪಡಿಸುವಾಗ ಪಕ್ಕಾಸು, ರೀಪು, ದಾರಂದಗಳಲ್ಲಿ ಒರಲೆ ಕಂಡರೆ ನಾವು ಮೊದಲು ಮಾಡುವುದೇನು? ಪೇಟೆಯಿಂದ ಮದ್ದು ತಂದು ಕಂಡಕಂಡಲ್ಲಿ ಹೊಯ್ಯುತ್ತೇವೆ. ಇದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಒರಲೆ ಮರವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಹಾಗೆಯೇ ಇರುತ್ತದೆ. ಆದುದರಿಂದ ಇಲ್ಲಿ ಕಣ್ಣಿನಷ್ಟೇ ಕಿವಿಯೂ ಬೇಕು. ಆಚಾರಿಗಳು ಉಳಿಯ ಹಿಡಿಯಿಂದ ತೊಲೆಯನ್ನು ತಟ್ಟಿ ನೋಡುವುದು ಇದಕ್ಕಾಗಿಯೇ. ಗಟ್ಟಿ ಮರದ ದನಿ ಬೇರೆ, ಪೊಳ್ಳಾದುದರ ದನಿ ಬೇರೆ. ರಾತ್ರಿ ಜಪಸರ ಮುಗಿದು ಮನೆ ನಿಶ್ಶಬ್ದವಾದಾಗ ದಾರಂದಕ್ಕೆ ತಟ್ಟಿ ಕಿವಿಯಿಟ್ಟರೆ ಕೆಲವೊಮ್ಮೆ ಸಣ್ಣ ಟಿಕಟಿಕ ಸದ್ದು ಕೇಳಿಸುತ್ತದೆ. ಕಾವಲಿನ ಒರಲೆಗಳು ಮರಕ್ಕೆ ತಲೆ ಬಡಿದು ಉಳಿದವಕ್ಕೆ ಅಪಾಯದ ಸೂಚನೆ ಕೊಡುವ ಕ್ರಮವಿದು.

ಇದಕ್ಕೆ ಯಂತ್ರವೂ ಇದೆ. ಒರಲೆ ಮರದ ನಾರನ್ನು ಹರಿಯುವಾಗ ನಮ್ಮ ಕಿವಿಗೆ ನಿಲುಕದ ಶಬ್ದ ಹುಟ್ಟುತ್ತದೆ. ಮರಕ್ಕೆ ತಾಗಿಸಿದ ಯಂತ್ರ ಅದನ್ನು ಹಿಡಿದು ಎಣಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಮರ ಕೊರೆಯುವ ಅಗತ್ಯವಿಲ್ಲ. ಆದರೆ ಯಂತ್ರಕ್ಕೆ ಹತ್ತಿರದ ಸದ್ದು ಮಾತ್ರ ಕೇಳಿಸುತ್ತದೆ. ಒರಲೆ ತಿಂದು ಬಿಟ್ಟುಹೋದ ಹಳೆಯ ಪೊಳ್ಳು ತಿಳಿಯುವುದಿಲ್ಲ. ಗೋಡೆಯ ಮೇಲಿನ ಮಣ್ಣಿನ ಜಾಡು ಹುಡುಕುವ ಕೆಲಸ ನಮಗೆ ತಪ್ಪಿದ್ದಲ್ಲ.

ಇಷ್ಟು ತಾಪತ್ರಯ ಏಕೆ ಎನ್ನುವಿರಾ? ವಿಷದ ಬೆಲೆ ಕಾಸರಗೋಡಿನ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ ಮಕ್ಕಳು ಹಾಸಿಗೆ ಹಿಡಿದಿದ್ದರು. ಅದನ್ನು ಕಂಡ ನಾವೇ ಮಕ್ಕಳು ಮಲಗುವ ಕೋಣೆಗೆ, ಬಾವಿಯ ಪಕ್ಕದ ತಳಪಾಯಕ್ಕೆ ಲೆಕ್ಕವಿಲ್ಲದೆ ವಿಷ ಹೊಯ್ಯಬಹುದೇ? ನಮ್ಮದು ಮುರಕಲ್ಲಿನ ನೆಲ. ಮೇಲೆ ಹೊಯ್ದದ್ದು ಬೇಗ ಕೆಳಗಿಳಿಯುತ್ತದೆ.

ಮದ್ದು ಹೊಡೆಯುವವರು ಬಂದರೆ ಮೊದಲು, "ಒರಲೆ ಎಲ್ಲಿದೆ, ತೋರಿಸಿ" ಎಂದು ಕೇಳೋಣ. ಸೋರುವ ಹಂಚು ಬದಲಿಸೋಣ, ಕಟ್ಟಿಗೆಯನ್ನು ಗೋಡೆಯಿಂದ ದೂರ ಪೇರಿಸೋಣ. ಮದ್ದು ಬೇಕೇ ಆದರೆ ತಿಳಿದವರ ಕೈಯಿಂದ, ಬೇಕಾದಲ್ಲಿಗೆ ಮಾತ್ರ. ಒಬ್ಬೊಬ್ಬರೇ ಯಂತ್ರ ಕೊಳ್ಳುವುದು ಕಷ್ಟ. ಕೃಷಿ ಭವನವೋ ಸಹಕಾರಿ ಸಂಘವೋ ಒಂದನ್ನು ತರಿಸಿ ಬಾಡಿಗೆಗೆ ಕೊಟ್ಟರೆ ಊರಿಗೇ ಉಪಕಾರ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ನಾವೇ ಎತ್ತಬೇಕು.