ನಾಯಿ ಕಾಲಿಗೆ ರಾಡ್ ಅಂದ್ರೆ ನಗೋದ್ಯಾಕೆ?

ಕುಷ್ಟಗಿ ಬಸ್ ನಿಲ್ದಾಣದ ಹೊರಗೆ ಚಹಾದಂಗಡಿ ಮುಂದೆ ನಿಂತು ಯಾರಾದರೂ "ನಾಯಿ ಕಾಲು ಮುರದೈತ್ರಿ, ಒಳಗ ರಾಡ್ ಹಾಕಸಬೇಕು" ಎಂದು ಹೇಳಿ ನೋಡಲಿ. ಬೆಂಚಿನ ಮೇಲಿರುವ ನಾಲ್ವರಲ್ಲಿ ಮೂವರು ನಗುತ್ತಾರೆ. "ಮನುಷ್ಯಾರಿಗೇ ರಾಡ್ ಹಾಕ್ಸಾಕ ರೊಕ್ಕ ಇಲ್ಲ, ನಾಯಿಗೆ ಎಲ್ಲಿಂದ ತರ್ತೀಯೋ ತಮ್ಮಾ?" ಎನ್ನುತ್ತಾರೆ. ನಗದೇ ಉಳಿದ ನಾಲ್ಕನೆಯವನ ಹೆಗಲ ಮೇಲೆ ಕಂಬಳಿ ಇರುತ್ತದೆ. ಅವನು ಕುರಿಗಾರ.

ಅವನಿಗೆ ಇದು ನಗುವ ಮಾತಲ್ಲ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಒಣ ಹೊಲಗಳಲ್ಲಿ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಕುರಿ. ಸುಗ್ಗಿ ಮುಗಿದ ಮೇಲೆ ಹಿಂಡು ಗಂಗಾವತಿ ಕಡೆಯ ಗದ್ದೆಗಳಿಗೆ ಇಳಿಯುತ್ತದೆ. ರಾತ್ರಿ ಬಯಲಲ್ಲೇ ಬೀಡು. ಕುರಿಗಾರ ಒಂದು ತಾಸು ಕಣ್ಣು ಮುಚ್ಚಬೇಕಾದರೆ ನಾಯಿ ಕಣ್ಣು ತೆರೆದಿರಬೇಕು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಸಂರಕ್ಷಿತ ಪ್ರದೇಶ ಇದೆ. ತೋಳವನ್ನು ಕೊಲ್ಲಕೂಡದು ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಸರಿಯೇ, ತೋಳವೂ ಬದುಕಬೇಕು. ಆದರೆ ತೋಳವನ್ನು ಹೊಡೆಯುವಂತಿಲ್ಲ, ಕುರಿಯನ್ನು ಬಿಟ್ಟುಕೊಡುವಂತಿಲ್ಲ ಎಂದಮೇಲೆ ನಡುವೆ ನಿಲ್ಲಬೇಕಾದದ್ದು ನಾಯಿ. ಮೂರು ಕಾಲಿನ ಮೇಲೆ ನಾಯಿ ಬದುಕುತ್ತದೆ, ಮನೆ ಬಾಗಿಲಲ್ಲಿ ಬೊಗಳುತ್ತದೆ. ತೋಳದ ಬೆನ್ನು ಹತ್ತುವುದಿಲ್ಲ.

ಈ ಜಿಲ್ಲೆಯಲ್ಲಿ ಕಾಲು ಮುರಿಯುವ ಜಾಗಗಳಿಗೆ ಬರವಿಲ್ಲ. ವಿಜಯಪುರದ ಕಡೆಯಿಂದ ಕುಷ್ಟಗಿ ಮೇಲೆ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಒಂದು. ಗದಗಿನಿಂದ ಕೊಪ್ಪಳ ದಾಟಿ ಹೊಸಪೇಟೆ ಸೇರುವ 67ನೆಯದು ಇನ್ನೊಂದು. ದಿನಾ ಬಸ್ಸಿನಲ್ಲಿ ಓಡಾಡುವವರು ಕಿಟಕಿಯಿಂದ ನೋಡಿಯೇ ಇರುತ್ತಾರೆ: ರಸ್ತೆ ಬದಿಯಲ್ಲಿ ಹಿಂಗಾಲು ಎಳೆಯುತ್ತಾ ಹೋಗುವ ನಾಯಿ. ಬಸ್ಸು ಮುಂದೆ ಹೋಗುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ.

ಬಿದಿರಿನ ದಬ್ಬೆ ಎಲ್ಲಿಯವರೆಗೆ?

ಮುರಿದ ಮೇಲೆ ಹಳ್ಳಿಯಲ್ಲಿ ನಡೆಯುವುದು ಹಳೆಯ ಕ್ರಮ. ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಹುರಿಯಿಂದ ಬಿಗಿದು ಕಟ್ಟುವುದು. ಈ ಕ್ರಮವನ್ನು ಪೂರಾ ತಳ್ಳಿಹಾಕುವಂತಿಲ್ಲ. ಮರಿನಾಯಿಯ ಕಾಲು ಮೊಣಕಾಲ ಕೆಳಗೆ ಮುರಿದು, ಚರ್ಮ ಹರಿಯದೆ, ಎಲುಬು ಜಾಗ ಬಿಡದೆ ಇದ್ದರೆ ಸರಿಯಾದ ಕಟ್ಟಿನಲ್ಲೇ ಕೂಡಿಕೊಳ್ಳುತ್ತದೆ. ಆದರೆ ಕಟ್ಟಿಗೆ ಒಂದು ನಿಯಮ ಇದೆ: ಮುರಿದ ಜಾಗದ ಮೇಲಿನ ಕೀಲೂ ಅಲುಗಬಾರದು, ಕೆಳಗಿನ ಕೀಲೂ ಅಲುಗಬಾರದು. ತೊಡೆ ಎಲುಬು ಮುರಿದರೆ ಮೇಲಿನ ಕೀಲು ಸೊಂಟದಲ್ಲಿದೆ. ಅದನ್ನು ದಬ್ಬೆಯಲ್ಲಿ ಹಿಡಿಯುವುದು ಹೇಗೆ? ಮುಂಗಾಲಿನ ತೋಳೆಲುಬಿನ ಕಥೆಯೂ ಅದೇ. ಕಟ್ಟು ಕೆಳಗೆ ಜಾರಿ, ಮುರಿದ ತುದಿಗೇ ಭಾರವಾಗಿ ನೇತಾಡುತ್ತದೆ. ಇನ್ನು ಹುರಿ ಬಿಗಿಯಾದರಂತೂ ಕೇಳುವುದೇ ಬೇಡ. ಕಾಲು ಬಾತು, ರಕ್ತ ನಿಂತು, ಪಂಜ ತಣ್ಣಗಾಗಿ ಕೊಳೆಯುತ್ತದೆ. ಮುರಿದ ಕಾಲು ಉಳಿಯಬಹುದಿತ್ತು, ಕಟ್ಟಿದ ಕಾಲು ಹೋಯಿತು ಎನ್ನುವಂತಾಗುತ್ತದೆ.

ಇಂಥ ಕಡೆ ಬೇಕಾದದ್ದು ಎಲುಬಿನ ಒಳಗೆ ಹೋಗುವ ಸರಳು, ಇಲ್ಲವೇ ಎಲುಬಿನ ಮೇಲೆ ಸ್ಕ್ರೂ ಹಾಕಿ ಕೂಡಿಸುವ ಪ್ಲೇಟು. ಮನುಷ್ಯರಿಗೆ ಹಾಕುವ ಸರಳನ್ನೇ ತಂದು ತುರುಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಕೆಲವು ಅಳತೆಗಳು ಹೊಂದುತ್ತವೆ, ಮನುಷ್ಯರ ಕೈಬೆರಳಿನ ಎಲುಬಿಗೆ ಹಾಕುವ ಸಣ್ಣ ಪ್ಲೇಟು ಸಣ್ಣ ನಾಯಿಗೆ ಆದೀತು. ಆದರೆ ನಾಯಿ ಎಂದರೆ ಒಂದೇ ಅಳತೆಯಲ್ಲ. ಎರಡು ಕಿಲೋ ತೂಗುವ ಮನೆನಾಯಿಯೂ ನಾಯಿಯೇ, ಐವತ್ತು ಕಿಲೋದ ಕಾವಲು ನಾಯಿಯೂ ನಾಯಿಯೇ. ಸ್ಕ್ರೂವಿನ ದಪ್ಪ ಎಲುಬಿನ ಅಗಲದ ನೂರಕ್ಕೆ 40 ಭಾಗ ಮೀರಬಾರದು, ಮೀರಿದರೆ ಸ್ಕ್ರೂ ಹಾಕಿದ ತೂತಿನಲ್ಲೇ ಎಲುಬು ಮತ್ತೆ ಮುರಿಯುತ್ತದೆ. ಅದಕ್ಕೇ 1.5, 2, 2.7, 3.5 ಮಿಲಿಮೀಟರ್ ಎಂದು ಬೇರೆ ಬೇರೆ ಸ್ಕ್ರೂ, ಬೇರೆ ಬೇರೆ ಪ್ಲೇಟು. ಸರಳನ್ನು ಮಜ್ಜೆಯ ನಾಳದಲ್ಲಿ ಇಳಿಸಿದರೆ ಎಲುಬು ಬಾಗುವುದು ನಿಲ್ಲುತ್ತದೆ, ತಿರುಚುವುದು ನಿಲ್ಲುವುದಿಲ್ಲ. ತಿರುಚುವುದನ್ನು ತಡೆಯಲು ಪ್ಲೇಟೋ ಹೊರಗಿನ ಚೌಕಟ್ಟೋ ಬೇಕಾಗುತ್ತದೆ.

ಲೋಹದ ಲೆಕ್ಕವೂ ಸೂಕ್ಷ್ಮ. ಪ್ಲೇಟು ತೆಳುವಾದರೆ ಮುರಿಯುತ್ತದೆ. ತೀರಾ ಗಡುಸಾದರೆ ಭಾರವನ್ನೆಲ್ಲ ತಾನೇ ಹೊತ್ತು, ಕೆಲಸವಿಲ್ಲದ ಎಲುಬು ಸೊರಗುತ್ತದೆ. ಮೇಲಾಗಿ ರೋಗಿ ಹೇಳಿದ ಮಾತು ಕೇಳುವವನಲ್ಲ. ಮನುಷ್ಯನಿಗೆ ಆರು ವಾರ ಮಲಗು ಎಂದರೆ ಗೊಣಗುತ್ತಾದರೂ ಮಲಗುತ್ತಾನೆ. ನಾಯಿ ಮಾರನೇ ದಿನವೇ ಎದ್ದು ಕಾಲೂರುತ್ತದೆ. ಇದನ್ನೆಲ್ಲ ಎಣಿಸಿಯೇ ನಾಯಿಯ ಪ್ಲೇಟನ್ನು ರೂಪಿಸಬೇಕು.

ನಾಯಿಯಿಂದ ಮನುಷ್ಯನಿಗೆ

ನಗುವವರಿಗೆ ಒಂದು ಸಂಗತಿ ಗೊತ್ತಿರಲಿ. 1930ರ ದಶಕದಲ್ಲಿ ಅಮೆರಿಕದ ಓಟೊ ಸ್ಟೇಡರ್ ಎಂಬ ಪಶುವೈದ್ಯ ನಾಯಿಗಳಿಗಾಗಿ ಒಂದು ಸಾಧನ ರೂಪಿಸಿದ. ಮುರಿದ ಎಲುಬಿನ ಎರಡೂ ಕಡೆ ಚರ್ಮದ ಮೂಲಕ ಪಿನ್ನು ಇಳಿಸಿ, ಹೊರಗಡೆ ಒಂದು ಪಟ್ಟಿಯಿಂದ ಹಿಡಿಸಿಡುವುದು. ಕಟ್ಟಿಲ್ಲ, ಗಚ್ಚಿಲ್ಲ, ನಾಯಿ ನಡೆದಾಡುತ್ತಿತ್ತು. ಅದನ್ನು ಕಂಡ ನ್ಯೂಯಾರ್ಕಿನ ಸರ್ಜನ್ನರು ಮನುಷ್ಯರಿಗೂ ಹಾಕಿ ನೋಡಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಗಾಯಾಳು ನಾವಿಕರಿಗೆ ಅದೇ ಸಾಧನ ಬಳಸಿತು. ನಾಯಿ ಕಾಲಿಗೆ ಮಾಡಿದ ಯುಕ್ತಿ ಸಿಪಾಯಿ ಕಾಲನ್ನು ಉಳಿಸಿತು. ಮುಂದೆ 1958ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜನ್ನರು ಒಂದು ಗುಂಪು ಕಟ್ಟಿ ಪ್ಲೇಟು, ಸ್ಕ್ರೂಗಳಿಗೆ ಗೊತ್ತಾದ ಅಳತೆ, ಗೊತ್ತಾದ ಕ್ರಮ ತಂದರು. 1969ರಲ್ಲಿ ಅದೇ ಗುಂಪಿನ ಪಶುವೈದ್ಯ ಶಾಖೆಯೂ ಹುಟ್ಟಿತು.

ಇದೆಲ್ಲ ಪರದೇಶದ ಮಾತಾಯಿತು ಎನ್ನುವವರು ಕುಷ್ಟಗಿಗೆ ಹತ್ತಿಕೊಂಡೇ ಇರುವ ಬಾಗಲಕೋಟೆ ಜಿಲ್ಲೆಯ ಕಡೆ ನೋಡಲಿ. ಮುಧೋಳ ನಾಯಿ ಆ ಜಿಲ್ಲೆಯದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ಹೊರಡಿಸಿತು. 2016ರಲ್ಲಿ ಅದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಓಟಕ್ಕೆ ಹೆಸರಾದ ಈ ನಾಯಿಯ ಕಾಲು ಉದ್ದ, ತೆಳು. ಮುಂಗಾಲಿನ ಕೆಳಭಾಗದಲ್ಲಿ ಎಲುಬಿನ ಮೇಲೆ ಚರ್ಮ ಬಿಟ್ಟರೆ ಮಾಂಸ ಕಡಿಮೆ. ಅಲ್ಲಿಗೆ ದಪ್ಪ ಪ್ಲೇಟು ಹಾಕಿದರೆ ಚರ್ಮ ಮುಚ್ಚುವುದಿಲ್ಲ. ಇಂಥ ಕಾಲಿನ ಅಳತೆ ಸ್ವಿಟ್ಜರ್ಲೆಂಡಿನಲ್ಲಿ ಕೂತವರಿಗಿಂತ ಈ ಸೀಮೆಯವರಿಗೆ ಚೆನ್ನಾಗಿ ಗೊತ್ತಾಗಬೇಕು.

ಕಬ್ಬಿಣದ ಜಿಲ್ಲೆಯಲ್ಲಿ ಸರಳಿಗೆ ಬರವೇ?

ಕೊಪ್ಪಳ ಕಬ್ಬಿಣ ಕರಗಿಸುವ ಜಿಲ್ಲೆ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಕುಲುಮೆ ಉರಿಯುತ್ತದೆ. ಗಿಣಿಗೇರಿ ಕಡೆ ಹೊಗೆ ಆಡುತ್ತಲೇ ಇರುತ್ತದೆ. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು ಹಾಕಿ ಕೈಕಾಲು ಕೂಡಿಸುತ್ತಾರೆ, ಕೂಡಿಸಿದ್ದು ಎಲ್ಲಿ ಎಂದು ಕಾಣುವುದಿಲ್ಲ. ಲೋಹವೂ ಇದೆ, ಕೈಗುಣವೂ ಇದೆ. ಹಾಗಂತ ವೆಲ್ಡಿಂಗ್ ಅಂಗಡಿಯ ಸರಳನ್ನು ಎಲುಬಿನೊಳಗೆ ಇಳಿಸುವ ಮಾತಲ್ಲ. ಅದು ತುಕ್ಕು ಹಿಡಿದು ಕೀವಾಗುತ್ತದೆ. ದೇಹದೊಳಗೆ ಹೋಗುವುದು 316ಎಲ್ ಎಂಬ ತುಕ್ಕು ಹಿಡಿಯದ ಉಕ್ಕು, ಇಲ್ಲವೇ ಟೈಟಾನಿಯಂ. ಅವು ಈ ದೇಶದಲ್ಲೇ ತಯಾರಾಗುತ್ತವೆ. ಗುಜರಾತಿನ ರಾಜಕೋಟೆಯಲ್ಲಿ ಇಂಥ ಸರಳು, ಪ್ಲೇಟು ಮಾಡುವುದೇ ದೊಡ್ಡ ಕಸುಬು. ಒಂದು ಸಾದಾ ಸರಳಿನ ಬೆಲೆ ತೋಳ ಎತ್ತಿಕೊಂಡು ಹೋಗುವ ಒಂದು ಕುರಿಯ ಬೆಲೆಗಿಂತ ಎಷ್ಟೋ ಕಡಿಮೆ.

ಇನ್ನೂ ಅಗ್ಗದ ದಾರಿಯೂ ಇದೆ. ಬರೇಲಿ ಹತ್ತಿರ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಸ್ಟೇಡರ್‌ನ ಹಳೆಯ ಯುಕ್ತಿಯನ್ನೇ ಸರಳ ಮಾಡಿದ್ದಾರೆ. ಉಕ್ಕಿನ ಪಿನ್ನುಗಳನ್ನು ಎಲುಬಿಗೆ ಅಡ್ಡ ಹಾಕಿ, ಹೊರಗೆ ಉಳಿದ ತುದಿಗಳನ್ನು ಎಪಾಕ್ಸಿ ಪುಟ್ಟಿಯಿಂದ ಒಂದು ಚೌಕಟ್ಟಾಗಿ ಕೂಡಿಸುವುದು. ಹಾರ್ಡ್‌ವೇರ್ ಅಂಗಡಿಯವರಿಗೆ ಈ ಪುಟ್ಟಿ ಹೊಸದಲ್ಲ, ನಳ ಸೋರಿದರೆ ಮೆತ್ತುವ ಜಾತಿಯದೇ. ಎಲುಬು ಕೂಡಿದ ಮೇಲೆ ಪಿನ್ನು ಎಳೆದರೆ ಮುಗಿಯಿತು. ಈ ಕ್ರಮ ನಾಯಿಗೆ ಮಾತ್ರವಲ್ಲ, ಕುರಿಗೆ, ಆಡಿಗೆ, ಕರುವಿಗೆ ಎಲ್ಲಕ್ಕೂ ಆಗುತ್ತದೆ. ಹಾಗಾಗಿ "ನಾಯಿಗ್ಯಾಕ ಸರಕಾರದ ರೊಕ್ಕ?" ಎಂಬ ಪ್ರಶ್ನೆ ಇಲ್ಲಿಗೇ ನಿಲ್ಲಬೇಕು. ನಾಯಿಗಾಗಿ ತಂದ ಡ್ರಿಲ್ಲು ನಾಳೆ ಕರುವಿನ ಕಾಲನ್ನೂ ಉಳಿಸುತ್ತದೆ.

ಆಗಬೇಕಾದದ್ದು ಇಷ್ಟೇ

ದನದ ದವಾಖಾನೆಯ ಡಾಕ್ಟರರನ್ನು ಬೈಯುವುದು ಸುಲಭ. ಕಾಲುಬಾಯಿ ಜ್ವರದ ಲಸಿಕೆ, ಹೆರಿಗೆ, ಹಳ್ಳಿ ತಿರುಗಾಟ, ಕಾಗದಪತ್ರ ಎಲ್ಲ ಒಬ್ಬರ ತಲೆ ಮೇಲೆ ಬಿದ್ದಿರುವಾಗ ಎರಡು ತಾಸಿನ ಎಲುಬಿನ ಆಪರೇಷನ್ ಮಾಡು ಎಂದರೆ ಅವರಾದರೂ ಏನು ಮಾಡಿಯಾರು? ಪ್ರತಿ ತಾಲ್ಲೂಕಿಗೂ ಇದು ಬೇಕು ಎಂದು ಕೇಳುವುದು ಬರೀ ಭಾಷಣ. ಜಿಲ್ಲೆಗೆ ಒಂದು ಜಾಗ ಸಾಕು. ಕೊಪ್ಪಳದಲ್ಲಿ ಒಂದು ಎಕ್ಸ್‌ರೇ, ಒಂದು ಡ್ರಿಲ್ಲು, ಅಳತೆವಾರು ಸರಳು-ಪ್ಲೇಟುಗಳ ಒಂದು ಪೆಟ್ಟಿಗೆ, ಅರಿವಳಿಕೆಯ ಸಲಕರಣೆ, ಮತ್ತು ಇದನ್ನೇ ಕಲಿತುಬಂದ ಇಬ್ಬರು ಡಾಕ್ಟರರು. ವಾರಕ್ಕೆ ಒಂದು ಗೊತ್ತಾದ ದಿನ. ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಬಸ್ಸು ಹೆಚ್ಚು, ಬರುವವರಿಗೂ ಅನುಕೂಲ.

ಕಲಿಸುವವರು ದೂರದಲ್ಲಿಲ್ಲ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಪಕ್ಕದ ಗದಗದಲ್ಲಿ ಪಶುವೈದ್ಯ ಕಾಲೇಜಿದೆ. ರೊಕ್ಕದ ಮಾತು ಬಂದರೆ 371(ಜೆ) ಕಲಮಿನ ಹೆಸರಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕೊಪ್ಪಳ ಅದರ ಜಿಲ್ಲೆಗಳಲ್ಲಿ ಒಂದು. ಸಮುದಾಯ ಭವನಕ್ಕೆ ಸಿಕ್ಕುವ ದುಡ್ಡಿನಲ್ಲಿ ಸಣ್ಣ ಚೂರು ಇದಕ್ಕೆ ಸಾಕು. ಅದರ ಜೊತೆಗೆ ಒಂದು ಬೋರ್ಡು. ಎಲುಬು ಮುರಿದ ಪ್ರಾಣಿಯನ್ನು ಯಾವ ಊರಿಗೆ, ಯಾವ ದಿನ, ಯಾರ ಹತ್ತಿರ ಒಯ್ಯಬೇಕು ಎಂದು ಗಂಗಾವತಿ, ಕುಷ್ಟಗಿ, ಯಲಬುರ್ಗಾ ದವಾಖಾನೆಗಳ ಗೋಡೆಗೆ ಬರೆಸಲಿ. ಬಣ್ಣದ ಡಬ್ಬಿಗೆ ಎಷ್ಟು ಖರ್ಚಾದೀತು?

ಅಲ್ಲಿಯವರೆಗೆ ಸಾರ್ವಜನಿಕರೂ ನಾಲ್ಕು ಮಾತು ನೆನಪಿಡಬೇಕು. ನೋವಿನಲ್ಲಿರುವ ನಾಯಿ ಸಾಕಿದವನನ್ನೂ ಕಚ್ಚುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಮೂತಿಗೆ ಬಟ್ಟೆ ಕಟ್ಟಿ, ಹಲಗೆಯ ಮೇಲೆ ಅಥವಾ ಕಂಬಳಿಯಲ್ಲಿ ಎತ್ತಬೇಕು. ಕಾಲನ್ನು ಎಳೆದು ನೆಟ್ಟಗೆ ಮಾಡಲು ಹೋಗಬಾರದು. ಮನುಷ್ಯರ ನೋವಿನ ಗುಳಿಗೆ ಕೊಡಲೇಬಾರದು, ಐಬುಪ್ರೊಫೆನ್‌ನಂಥವು ನಾಯಿಗೆ ವಿಷ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಕಾಲುಗಂಟೆ ಹರಿಯುವ ನೀರಿನಲ್ಲಿ ತೊಳೆದು, ಅಂದೇ ದವಾಖಾನೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಚಹಾದಂಗಡಿಯ ಮೂವರು ನಗಲಿ, ನಗುವುದಕ್ಕೆ ಲೈಸೆನ್ಸ್ ಬೇಕಿಲ್ಲ. ಆದರೆ ಕಂಬಳಿ ಹೊದ್ದ ನಾಲ್ಕನೆಯವನು ಚಹಾ ಮುಗಿಸಿ, ಗ್ಲಾಸು ಇಟ್ಟು, "ಎಲ್ಲಿ ಹಾಕ್ತಾರ್ರೀ ಆ ರಾಡು? ಯಾವ ದಿನ ಬರಬೇಕು?" ಎಂದು ಕೇಳಿದರೆ, ಜಿಲ್ಲೆಯ ಯಾವ ಅಧಿಕಾರಿಯಾದರೂ ಒಂದೇ ಉಸುರಿನಲ್ಲಿ ಉತ್ತರ ಹೇಳುವಂತಾಗಬೇಕು. ಸಂಬಂಧಪಟ್ಟವರು ಮುಂದಿನ ಸುಗ್ಗಿಯೊಳಗೆ, ಹಿಂಡುಗಳು ಗಂಗಾವತಿ ಕಡೆ ಇಳಿಯುವ ಮೊದಲು, ಆ ಉತ್ತರ ಸಿದ್ಧ ಮಾಡುವರೇ?