ಕಥೆಗೂ ಒಂದು ಇಸವಿ ಇರುತ್ತದೆ

ಸರ್ಕಾರ ಬದಲಾದರೆ ಪಠ್ಯಪುಸ್ತಕವೂ ಬದಲಾಗುವುದು ಕರ್ನಾಟಕದಲ್ಲಿ ಈಗ ರೂಢಿಯೇ ಆಗಿಬಿಟ್ಟಿದೆ. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ಸಾರಾ ಅಬೂಬಕ್ಕರ್ ಅವರ ‘ಯುದ್ಧ’, ಲಂಕೇಶರ ‘ಮೃಗ ಮತ್ತು ಸುಂದರಿ’, ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ ಕೈಬಿಟ್ಟಿತು. ಹೆಡಗೇವಾರರ ಭಾಷಣ ಸೇರಿಸಿತು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂಪಡೆದರು. ಮರುವರ್ಷ ಹೊಸ ಸರ್ಕಾರ ಬಂತು. ಜೂನ್ ತಿಂಗಳಲ್ಲಿ ಸಚಿವ ಸಂಪುಟ ಕೂತು ಹೆಡಗೇವಾರ್, ಸಾವರ್ಕರ್ ಪಾಠಗಳನ್ನು ತೆಗೆಯಿತು, ಸಾವಿತ್ರಿಬಾಯಿ ಫುಲೆ ಅವರನ್ನು ತಂದಿತು. ಅಷ್ಟು ಹೊತ್ತಿಗೆ ಪುಸ್ತಕಗಳು ಮಕ್ಕಳ ಪಾಟಿಚೀಲ ಸೇರಿಯಾಗಿತ್ತು. ಯಾವುದನ್ನು ಓದಿಸಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಸಲು ಪೂರಕ ಪುಸ್ತಿಕೆ ಬೇಕಾಯಿತು.

ಎರಡೂ ಕಡೆಯವರು ಒಂದೇ ಎನ್ನುವ ಜಾಣತನ ನನಗೆ ಬೇಡ. ‘ಯುದ್ಧ’ದಂಥ ಕಥೆಯನ್ನು ಕಿತ್ತುಹಾಕಿದ್ದು ತಪ್ಪು, ಅದನ್ನು ಆಗಲೇ ಹೇಳಬೇಕಿತ್ತು, ಹಲವರು ಹೇಳಿದರು. ಆದರೆ ತೆಗೆದವರಿಗೂ ಸೇರಿಸಿದವರಿಗೂ ಒಂದು ನಂಬಿಕೆ ಸಮಾನವಾಗಿದೆ. ಪಾಠ ಎಂದರೆ ಮಾತ್ರೆ; ಮಗುವಿಗೆ ನುಂಗಿಸಿದರೆ ಆಯಿತು, ದೇಶಭಕ್ತಿಯೋ ಸಮಾನತೆಯೋ ತಾನಾಗಿ ಮೈಗೆ ಹತ್ತುತ್ತದೆ. ಹಾಗಾಗಿ ಜಗಳವೆಲ್ಲ ಯಾವ ಪಾಠ ಎಂಬುದರ ಬಗ್ಗೆ. ಆ ಪಾಠ ಶಿರಸಿಯ, ಸಿದ್ದಾಪುರದ, ಯಲ್ಲಾಪುರದ ಕನ್ನಡ ಶಾಲೆಯ ಕೋಣೆಯೊಳಗೆ ಏನಾಗುತ್ತದೆ ಎಂದು ಯಾರೂ ಇಣುಕಿ ನೋಡುವುದಿಲ್ಲ.

ಇಣುಕಿದರೆ ಕಾಣುವುದು ಇಷ್ಟು. ಪಾಠದ ಜೊತೆಗೆ ಲೇಖಕರ ಪರಿಚಯ. ಹುಟ್ಟಿದ ವರ್ಷ, ಊರು, ಕೃತಿಗಳು, ಪ್ರಶಸ್ತಿಗಳು. ಈ ಕಥೆ ಯಾವಾಗ ಬರೆದದ್ದು, ಆಗ ಊರು ಹೇಗಿತ್ತು, ಯಾರ ಆಳ್ವಿಕೆಯಿತ್ತು, ಯಾವ ಕಾನೂನಿತ್ತು ಎಂಬುದು ಹೆಚ್ಚಿನ ಪಾಠಗಳಲ್ಲಿ ಇರುವುದಿಲ್ಲ. ಆಮೇಲೆ ಪರೀಕ್ಷೆ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ.’ ಆರನೇ ತರಗತಿಯಿಂದಲೇ ಮಗುವಿನ ಕೈ ಇದಕ್ಕೆ ಪಳಗಿರುತ್ತದೆ. ಆಯ್ಕೆ: ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಲಾಗಿದೆ. ಸಂದರ್ಭ: ಈ ಮಾತನ್ನು ಇಂಥವರು ಇಂಥವರಿಗೆ ಹೇಳಿದರು. ಸ್ವಾರಸ್ಯ: ಇದು ಬಹಳ ಸ್ವಾರಸ್ಯಕರವಾಗಿ ಮೂಡಿಬಂದಿದೆ. ಪೂರ್ತಿ ಅಂಕ. ಗೈಡ್ ಬರೆಯುವವರಿಗೂ ಸುಲಭ, ತಿದ್ದುವವರಿಗೂ ಸುಲಭ.

ಮಾಸ್ತಿಯವರ ‘ರಂಗನ ಮದುವೆ’ ತೆಗೆದುಕೊಳ್ಳಿ. 1920ರಲ್ಲಿ ಬಂದ ‘ಕೆಲವು ಸಣ್ಣ ಕಥೆಗಳು’ ಕಾಲದ ಕಥೆ. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲೂ ಬಹುಕಾಲ ಇತ್ತು. ಅದನ್ನು ಏಳನೇ ತರಗತಿಗೇ ಓದಿಸಬೇಕೆಂಬುದು ನನ್ನ ವಾದ. ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಬಂದ ರಂಗನನ್ನು ನೋಡಲು ಹೊಸಹಳ್ಳಿಯ ಜನ ಓಡುತ್ತಾರೆ, ಮುದುಕಿಯೊಬ್ಬಳು ಎದೆ ಸವರಿ ಜನಿವಾರ ಇದೆಯಲ್ಲ ಎಂದು ಸಮಾಧಾನಪಡುತ್ತಾಳೆ. ಚಿಕ್ಕ ಹುಡುಗಿಯನ್ನು ಮದುವೆಯಾಗುವುದಿಲ್ಲ ಎಂದು ರಂಗ ಹೊಸ ವಿಚಾರ ಆಡುತ್ತಾನೆ. ಕಥೆ ಹೇಳುವ ಶ್ಯಾಮ ಜೋಯಿಸರಿಗೆ ಮೊದಲೇ ಮಾತು ಕಲಿಸಿ, ರತ್ನಳನ್ನು ಅವನ ಕಣ್ಣಿಗೆ ಬೀಳಿಸಿ ಮದುವೆ ಮುಗಿಸುತ್ತಾನೆ. ತರಗತಿ ನಗುತ್ತದೆ, ನಗಲೇಬೇಕು, ಮಾಸ್ತಿ ನಗಿಸಲೆಂದೇ ಬರೆದದ್ದು.

ರತ್ನಳಿಗೆ ಹನ್ನೊಂದು ವರ್ಷ. ಮುಂದಿನ ಬೆಂಚಿನಲ್ಲಿ ಕೂತು ನಗುತ್ತಿರುವ ಹುಡುಗಿಗೆ ಹನ್ನೆರಡು.

ಇಲ್ಲಿ ಅಕ್ಕೋರ ಮುಂದೆ ಎರಡು ದಾರಿ. ಒಂದು, ವಯಸ್ಸಿನ ಮಾತು ಬಂದ ಕಡೆ ಬೇಗ ಬೇಗ ಓದಿ ಮುಂದೆ ಹೋಗುವುದು. ಇನ್ನೊಂದು, ಕಥೆ ಪೂರ್ತಿ ಮುಗಿಸಿ, ನಕ್ಕು ಮುಗಿದ ಮೇಲೆ, ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯುವುದು. 1894, ಮೈಸೂರು ಸಂಸ್ಥಾನ: ಎಂಟು ವರ್ಷದೊಳಗಿನ ಹುಡುಗಿಯ ಮದುವೆ ನಿಷೇಧ. 1930, ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಜಾರಿ: ಹದಿನಾಲ್ಕು. 1949: ಹದಿನೈದು. 1978: ಹದಿನೆಂಟು. ಈಗ ಅದೇ ಕಥೆಯನ್ನು ತಿರುಗಿ ಓದಿಸಿ ನೋಡಿ. ಮೈಸೂರಿನ ಕಾನೂನಿನ ಮುಂದೆ ರತ್ನಳ ಮದುವೆ ತಪ್ಪಲ್ಲ. ಹಾಗಿದ್ದೂ ಮದುವೆಯ ವಯಸ್ಸಿನ ಬಗ್ಗೆ ರಂಗನಿಗೆ ಯಾಕೆ ಅಷ್ಟು ಮಾತು? ಆ ಕಾಲದ ಓದಿದವರೆಲ್ಲ ಅದನ್ನೇ ಮಾತಾಡುತ್ತಿದ್ದರು. ಮಾತಾಡಿದವನ ವಿಚಾರ ಹುಡುಗಿಯ ಹಾಡು ಕೇಳುತ್ತಲೇ ಕರಗಿತು. ಮಾಸ್ತಿಯವರ ನಗೆ ಇರುವುದು ಅಲ್ಲಿ. ಇಸವಿ ಗೊತ್ತಿಲ್ಲದ ಮಗುವಿಗೆ ಅರ್ಧ ನಗೆ ಸಿಗುತ್ತದೆ, ಗೊತ್ತಿದ್ದ ಮಗುವಿಗೆ ಇಡೀ ನಗೆ, ಜೊತೆಗೆ ಸ್ವಲ್ಪ ಕಸಿವಿಸಿ. ಮಾಸ್ತಿಯವರನ್ನು ಕಟಕಟೆಯಲ್ಲಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಅವರಿಗೆ 1983ರಲ್ಲಿ ಜ್ಞಾನಪೀಠ ಬಂತು ಎಂದು ಬಾಯಿಪಾಠ ಮಾಡಿದ ಮಗುವಿಗೆ, ಈ ಕಥೆ ಅದಕ್ಕೆ ಅರವತ್ತು ವರ್ಷಕ್ಕೂ ಹಿಂದಿನದು ಎಂದು ಹೇಳಿದರೆ ಕಥೆಗಾರರಿಗೆ ಅವಮಾನವೇನೂ ಆಗುವುದಿಲ್ಲ. (1983 ಎಂದರೆ ಶಿರಸಿಯ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡ ವರ್ಷ. ಹಾಗೆ ಹೇಳಿದರೆ ನಮ್ಮ ಮಕ್ಕಳಿಗೆ ಜ್ಞಾನಪೀಠದ ಇಸವಿಯೂ ನೆನಪಿರುತ್ತದೆ.)

ನಮ್ಮ ಮೂರು ತಾಲೂಕಿನ ಮಕ್ಕಳಿಗೆ ಈ ಪಾಠ ಇನ್ನೂ ಹತ್ತಿರದ್ದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. 1956ರವರೆಗೂ ಹಾಗೇ ಇತ್ತು. ಜೋಗಕ್ಕೆ ಹೋದ ಮಗು ಬಾಂಬೆ ಬಂಗಲೆ, ಮೈಸೂರು ಬಂಗಲೆ ಎಂಬ ಹೆಸರು ಕೇಳಿರುತ್ತದೆ. ನಡುವಿನ ಶರಾವತಿಯೇ ಗಡಿ. 1894ರ ಮೈಸೂರು ಕಾನೂನು ಆ ದಡದಲ್ಲೇ ನಿಂತಿತು, ಸಿದ್ದಾಪುರಕ್ಕೆ ದಾಟಲಿಲ್ಲ. ಈಚೆ ಕಡೆ ಪರಿಸ್ಥಿತಿ ಹೇಗಿತ್ತು ಎನ್ನಲು ಬೇರೆಯವರ ಸಾಕ್ಷಿ ಬೇಕಾಗಿಲ್ಲ. ಹೊನ್ನಾವರ ತಾಲೂಕಿನ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿ 1887ರಲ್ಲೇ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ ಬರೆದರು. ಹಣ ತೆಗೆದುಕೊಂಡು ಎಳೆಯ ಹುಡುಗಿಯನ್ನು ವಯಸ್ಸಾದವನಿಗೆ ಕೊಡುವ ಕನ್ಯಾವಿಕ್ರಯವೇ ಅದರ ವಸ್ತು. ನಮ್ಮ ಕಡೆಯ ತರಗತಿಯಲ್ಲಿ ಹೆಗಡೆ ಎಂದು ಹಾಜರಿ ಕರೆದರೆ ಎಷ್ಟು ಜನ ಎದ್ದು ನಿಲ್ಲುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅಜ್ಜಿಯ ಅಮ್ಮನಿಗೆ ಮದುವೆಯಾದಾಗ ವಯಸ್ಸೆಷ್ಟು ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ, ಮರುದಿನದ ಪೀರಿಯಡ್ಡಿಗೆ ಗೈಡ್ ಬೇಕಾಗುವುದಿಲ್ಲ.

‘ಕಥೆ ಕಥೆಯಾಗಿರಲಿ, ಅದಕ್ಕೆ ಇತಿಹಾಸ ಯಾಕೆ ಕಟ್ಟುತ್ತೀರಿ’ ಎನ್ನುವ ಸಾಹಿತ್ಯಪ್ರೇಮಿಗಳಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ. ಮೊದಲೇ ಅರ್ಧ ಗಂಟೆ ಸಮಾಜ ಸುಧಾರಣೆಯ ಭಾಷಣ ಹೊಡೆದು ಆಮೇಲೆ ಕಥೆ ತೆರೆದರೆ ಆ ಕಥೆ ಸತ್ತ ಹಾಗೆಯೇ. ಅದಕ್ಕೇ ಕಥೆ ಮೊದಲು, ಇಸವಿ ಆಮೇಲೆ. ‘ಮಕ್ಕಳ ತಲೆಗೆ ರಾಜಕೀಯ ತುಂಬಬೇಡಿ’ ಎನ್ನುವವರ ಬಗ್ಗೆ ನನಗೆ ಅಷ್ಟು ತಾಳ್ಮೆಯಿಲ್ಲ. ಕಾಲ ಹೇಳದೆ ಓದಿಸಿದ ಕಥೆಯಲ್ಲಿ ಹನ್ನೊಂದರ ಮದುವೆ ಯಾವ ಕಾಲಕ್ಕೂ ಸಲ್ಲುವ ತಮಾಷೆಯಾಗಿ ಉಳಿಯುತ್ತದೆ. ಅದು ರಾಜಕೀಯವಲ್ಲವೇ? ಅಕ್ಕೋರು ಬೋರ್ಡಿನ ಮೇಲೆ ಬರೆದ ನಾಲ್ಕು ಇಸವಿ ಯಾವ ಪಕ್ಷದ ಸ್ವತ್ತೂ ಅಲ್ಲ.

ಕಷ್ಟ ಬರುವುದು ಜಾತಿಯ ಮಾತು ಬಂದಾಗ. ದೇವನೂರರ ‘ಅಮಾಸ’ದ ಹುಡುಗ ಮಾರಿಗುಡಿಯಲ್ಲಿ ಬೆಳೆಯುವ ಅನಾಥ, ಜಾತ್ರೆಯಲ್ಲಿ ಹುಲಿವೇಷ ಕಟ್ಟುತ್ತಾನೆ. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ನೋಡುವ ಶಿರಸಿಯ ಮಕ್ಕಳಿಗೆ ಆ ಕಥೆಯ ಸದ್ದು ಗದ್ದಲ ವಿವರಿಸಬೇಕಾಗಿಲ್ಲ. ಆದರೆ ಅದು ಸೇರಿರುವ ‘ದ್ಯಾವನೂರು’ ಸಂಕಲನ ಬಂದ 1973, ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂಬ ದಲಿತ ಸಚಿವ ಬಸವಲಿಂಗಪ್ಪನವರ ಮಾತಿನಿಂದ ರಾಜ್ಯವೇ ಹೊತ್ತಿಕೊಂಡ ವರ್ಷವೂ ಹೌದು. ಮಾರಿಕಾಂಬೆಯ ಮುಂದೆ ಕೋಣ ಬಲಿ ನಿಂತದ್ದಕ್ಕೂ, 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದದ್ದಕ್ಕೂ ಇಸವಿಗಳಿವೆ. ಇವನ್ನೆಲ್ಲ ಬಿಟ್ಟು ಓದಿಸಿದರೆ ಅಮಾಸ ‘ಪಾಪ, ಬಡ ಹುಡುಗ’ ಆಗುತ್ತಾನೆ. ಅದೇ ತರಗತಿಯಲ್ಲಿ ಕೂತ ಇನ್ನೊಬ್ಬ ಹುಡುಗನ ಕಡೆಗೂ ಆ ‘ಪಾಪ’ ತಿರುಗುತ್ತದೆ. ಯಲ್ಲಾಪುರದ ಶಾಲೆಗಳಲ್ಲಿ ಸಿದ್ದಿ ಮಕ್ಕಳಿದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರು ಮುಖ್ಯರು, ಪರಿಶಿಷ್ಟ ಪಂಗಡಕ್ಕೆ ಅವರನ್ನು ಸೇರಿಸಿದ್ದು 2003ರಲ್ಲಿ ಎಂಬುದು ಆ ಮಕ್ಕಳ ಸಹಪಾಠಿಗಳಿಗೆ ಎಷ್ಟು ಗೊತ್ತು? ಕೂದಲು, ಮೈಬಣ್ಣ ನೋಡಿ ಆಡಿಕೊಳ್ಳುವವನಿಗೆ ನೀತಿಪಾಠ ಹೇಳಿ ಹೇಳಿ ಸಾಕಾಗಿದೆ. ಚರಿತ್ರೆ ಹೇಳಿ ನೋಡಬಹುದಲ್ಲ.

ಸಮಯವಿಲ್ಲ, ಸಿಲೆಬಸ್ ಮುಗಿಯುವುದಿಲ್ಲ ಎಂಬ ಮಾತು ನಿಜ. ಶಿಕ್ಷಕರ ಮೇಲೆ ಗಣತಿಯಿಂದ ಮೊಟ್ಟೆಯ ಲೆಕ್ಕದವರೆಗೆ ಏನೇನೋ ಹೇರಿದ್ದೇವೆ. ಆದರೆ ಘಟ್ಟದ ಮೇಲಿನ ಎಷ್ಟೋ ಹಳ್ಳಿಶಾಲೆಗಳಲ್ಲಿ ಕನ್ನಡ ಓದಿಸುವ ಮಾಸ್ತರೇ ಸಮಾಜವನ್ನೂ ಓದಿಸುತ್ತಾರೆ. ಸ್ವಾತಂತ್ರ್ಯ ಚಳವಳಿಯ ಪಾಠದಲ್ಲಿ ದಂಡಿ, ಶಿವಪುರ, ವಿದುರಾಶ್ವತ್ಥ ಬಂದಾಗ, ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಸಿದ್ದಾಪುರ ತಾಲೂಕಿನ ಹೆಂಗಸರು ಉಪವಾಸ ಕೂತ 1932ರ ಕರನಿರಾಕರಣೆಯನ್ನೂ ಅವರೇ ಹೇಳಬೇಕು, ಮಾವಿನಗುಂಡಿಯ ಸ್ಮಾರಕವನ್ನು ತೋರಿಸಬೇಕು. ಎರಡು ವಿಷಯಗಳ ನಡುವಿನ ಗೋಡೆ ಇರುವುದು ವೇಳಾಪಟ್ಟಿಯಲ್ಲಿ ಮಾತ್ರ.

ಬೆಂಗಳೂರಿನಲ್ಲಿ ಇನ್ನೊಂದು ಸಮಿತಿ ಕೂರುತ್ತದೆ, ಇನ್ನೊಂದು ಪಟ್ಟಿ ಬರುತ್ತದೆ. ಅದಕ್ಕೆ ಕಾಯುವ ಅಗತ್ಯ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಇಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹತ್ತು ಶಿಕ್ಷಕರು ಕೂತು, ಪುಸ್ತಕದಲ್ಲಿ ಈಗಿರುವ ಕಥೆಗಳಿಗೇ ಒಂದೊಂದು ಪುಟ ಬರೆದುಕೊಳ್ಳಬಹುದು: ಬರೆದ ವರ್ಷ, ಆಗಿನ ಕಾನೂನು, ಆಗ ನಮ್ಮ ತಾಲೂಕು ಯಾರ ಕೈಯಲ್ಲಿತ್ತು. ಕಿರುಪರೀಕ್ಷೆಯ ಪ್ರಶ್ನೆ ತೆಗೆಯುವುದು ಶಾಲೆಯೇ. ಮೊದಲ ಪ್ರಶ್ನೆ ನಾನೇ ಕೊಡುತ್ತೇನೆ: 1931ರಲ್ಲಿ ಹನ್ನೊಂದು ವರ್ಷದ ರತ್ನಳ ಮದುವೆ ಸಿದ್ದಾಪುರದಲ್ಲಿ ನಡೆದಿದ್ದರೆ ಅಪರಾಧ, ಅದೇ ವರ್ಷ ಹೊಳೆ ದಾಟಿ ಸಾಗರದ ಕಡೆ ನಡೆದಿದ್ದರೆ ಅಪರಾಧವಲ್ಲ. ಏಕೆ?